ಕೈಸೇರಿದ ಓಲೆ ಪ್ರಸಾದವಾಗುವ ಬಗೆ

೧

ಲೋಕದಲ್ಲಿ ಮನುಷ್ಯನಿಗೆ ಒದಗುವ ಕಷ್ಟಗಳಲ್ಲಿ ಕಾಯುವುದೂ ಒಂದು. ಹಸಿವಿಗೆ ಅನ್ನವುಂಟು, ರೋಗಕ್ಕೆ ಮದ್ದುಂಟು, ದಾರಿದ್ರ್ಯಕ್ಕೆ ದುಡಿಮೆಯುಂಟು. ದೂರ ಹೋದ ಮಗನ ಸುದ್ದಿಯಿಲ್ಲದೆ ದಿನವೆಣಿಸುವ ತಾಯಿತಂದೆಗಳ ಮನಸ್ಸಿಗೆ ಮಾತ್ರ ನೆರೆಹೊರೆಯವರು ಕೊಡಬಲ್ಲ ಮದ್ದಿಲ್ಲ. ಅದಕ್ಕೆ ಇರುವುದು ಒಂದೇ ಔಷಧ: ಮಗನ ಕೈಯ ಅಕ್ಷರ. ಆ ಅಕ್ಷರವು ಬಂದು ಸೇರಿದಾಗ ಆ ಮನೆಯಲ್ಲಿ ಉಂಟಾಗುವ ಸಂತೋಷವನ್ನು ಕಂಡವರು ಅದನ್ನು ಬೇಗನೆ ಮರೆಯಲಾರರು.

ಈ ಸಂತೋಷವು ಧರ್ಮವೋ ಮೋಹವೋ ಎಂಬ ಪ್ರಶ್ನೆ ಸಾಧಕನಾದವನಿಗೆ ಸಹಜವಾಗಿ ಏಳುತ್ತದೆ. ಮಕ್ಕಳ ಮೇಲಣ ಮಮತೆಯು ಬಂಧನವೆಂದು ವೈರಾಗ್ಯಶಾಸ್ತ್ರಗಳು ಸಾರುತ್ತವೆ. ಶಿವಶರಣರಾದರೋ ಸಂಸಾರವನ್ನು ಬಿಟ್ಟು ಓಡಿದವರಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನೆರೆದ ಶರಣಸಮೂಹದಲ್ಲಿ ಬಹುಮಂದಿ ಗೃಹಸ್ಥರು. ಹೆಂಡಿರು ಮಕ್ಕಳೊಡನೆ ಬಾಳಿ, ಕೈತುಂಬ ಕೆಲಸ ಮಾಡಿ, ಬಂದುದನ್ನು ಹಂಚಿ ಉಂಡವರು. ಆದುದರಿಂದ ಅವರ ಮಾರ್ಗದಲ್ಲಿ ನಡೆಯುವವನು ‘ಮಮತೆಯನ್ನು ಕೊಲ್ಲುವುದು ಹೇಗೆ’ ಎಂದು ಕೇಳಬೇಕಾದುದಿಲ್ಲ. ‘ಮಮತೆಯನ್ನು ಶುದ್ಧಿಗೊಳಿಸುವುದು ಹೇಗೆ’ ಎಂದು ಕೇಳಬೇಕು. ಅದಕ್ಕೆ ಶರಣರು ತೋರಿದ ದಾರಿ ಪ್ರಸಾದತತ್ತ್ವ. ಕೈಗೆ ಬಂದ ಒಂದು ಕಾಗದದ ಚೂರು ಸಹ ಪ್ರಸಾದವಾಗಬಲ್ಲುದೆಂಬುದೇ ಈ ಪಾಠದ ವಿಷಯ.

೨

ಓಲೆಯ ಸಂಪ್ರದಾಯವು ನಮ್ಮ ನಾಡಿನಲ್ಲಿ ಹಳೆಯದು. ಮೈಸೂರು ಸೀಮೆಯಲ್ಲಿ ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ, ಚಿಕ್ಕದೇವರಾಜ ಒಡೆಯರ ಕಾಲದಲ್ಲಿಯೇ, ಅಂಚೆಯ ಏರ್ಪಾಡು ಆಗಿತ್ತು. ಅದು ೧೮೮೯ರಲ್ಲಿ ಬ್ರಿಟಿಷ್ ಸರ್ಕಾರದ ಅಂಚೆಯೊಡನೆ ಕೂಡಿಹೋಯಿತು. ಇತ್ತ ಬ್ರಿಟಿಷರ ಆಡಳಿತದ ಭಾಗಗಳಲ್ಲಿ ೧೮೫೪ರಿಂದ ದೂರವೆಷ್ಟೇ ಇರಲಿ, ತೂಕಕ್ಕೆ ತಕ್ಕಂತೆ ಒಂದೇ ದರವೆಂಬ ನಿಯಮ ಬಂದಿತು. ೧೮೭೯ರ ಜುಲೈ ೧ರಂದು ಕಾಲಾಣೆಯ ಕಾರ್ಡು ಹೊರಟಿತು. ಆ ಕಾಲಾಣೆಯ ಕಾರ್ಡೇ ಬಡವರ ಪಾಲಿಗೆ ದೊಡ್ಡ ಉಪಕಾರವಾಯಿತು. ಅದಕ್ಕೂ ಕಾಸಿಲ್ಲದವರು ಟಿಕೆಟ್ಟು ಅಂಟಿಸದೆ ಕಾಗದ ಹಾಕುತ್ತಿದ್ದರು. ಅಂಥ ‘ಬೇರಿಂಗ್’ ಕಾಗದವನ್ನು ಬಿಡಿಸಿಕೊಳ್ಳುವವರು ಇಮ್ಮಡಿ ಹಣ ತೆರಬೇಕಾಗಿತ್ತು. ಮಗನ ಕಾಗದಕ್ಕಾಗಿ ಇಮ್ಮಡಿ ತೆರಲು ಹಿಂದೆಗೆದ ತಾಯಿಯರು ವಿರಳ.

ಕಾಗದ ಬರೆಯುವುದಕ್ಕೂ ಒಂದು ಕ್ರಮವಿದ್ದಿತು. ಮೇಲೆ ಇಷ್ಟದೇವತೆಯ ಸ್ಮರಣೆ. ಆಮೇಲೆ ‘ತೀರ್ಥರೂಪ’ರಾದ ತಂದೆಯವರಿಗೆ, ‘ಮಾತೃಶ್ರೀ’ಯವರಿಗೆ ಶರಣು ಶರಣಾರ್ಥಿ. ಅನಂತರ ಇತ್ತಣ ಕ್ಷೇಮ, ಅತ್ತಣ ಕ್ಷೇಮದ ವಿಚಾರಣೆ. ಇಷ್ಟಾದ ಮೇಲೆಯೇ ಉಳಿದ ವರ್ತಮಾನ. ಮಂಗಳವಾರ್ತೆಯ ಕಾಗದದ ಮೂಲೆಗೆ ಅರಿಸಿನ ಕುಂಕುಮ ಹಚ್ಚುವ ರೂಢಿಯಿದ್ದಿತು. ಮರಣವಾರ್ತೆಯ ಕಾಗದವನ್ನು ಹೊರಗೆಯೇ ಓದಿ ಹರಿದು ಹಾಕುತ್ತಿದ್ದರು, ಮನೆಯೊಳಗೆ ಇಡುತ್ತಿರಲಿಲ್ಲ. ಹೀಗೆ ಒಂದು ಚೂರು ಕಾಗದವು ಮನೆಯೊಳಗೆ ಬರಬೇಕೋ ಹೊರಗೆ ನಿಲ್ಲಬೇಕೋ ಎಂಬುದು ಅದರಲ್ಲಿದ್ದ ಸುದ್ದಿಯನ್ನು ಹೊಂದಿಕೊಂಡಿದ್ದಿತು. ಒಂದೇ ಕಾಗದದಲ್ಲಿ ಎರಡೂ ಇದ್ದರೆ? ಮುಂದಿನ ದೃಷ್ಟಾಂತವು ಅಂಥದೊಂದು ಕಾಗದದ್ದು.

೩

೧೯೧೮ನೆಯ ವರ್ಷವು ಭಾರತದ ಜನ ಮರೆಯಬಾರದ ವರ್ಷ. ಯುರೋಪಿನ ಮಹಾಯುದ್ಧ ಮುಗಿಯುವ ಹೊತ್ತಿಗೆ ಇನ್‌ಫ್ಲುಯೆಂಜಾ ಎಂಬ ವಿಷಮಜ್ವರವು ಮುಂಬಯಿ ಬಂದರಿನ ಮಾರ್ಗವಾಗಿ ದೇಶದೊಳಕ್ಕೆ ಕಾಲಿಟ್ಟಿತು. ಜೂನ್ ತಿಂಗಳಲ್ಲಿ ಮೆಲ್ಲಗೆ ತೋರಿದ ಈ ಬೇನೆ ಸೆಪ್ಟೆಂಬರಿನಿಂದ ಉಗ್ರವಾಗಿ ರೈಲುದಾರಿಗಳ ಗುಂಟ ಹಬ್ಬಿತು. ಆ ವರ್ಷ ಮಳೆಯೂ ಕೈಕೊಟ್ಟಿತ್ತು. ಜ್ವರಕ್ಕೆ ಬಲಿಯಾದವರು ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚೆಂದು ಎಣಿಕೆ. ಇಂದಿನ ಭಾರತದ ಭೂಭಾಗದ ಜನಸಂಖ್ಯೆ ಜನಗಣತಿಯ ದಶಕಗಳಲ್ಲಿ ಏರದೆ ಇಳಿದುದು ೧೯೧೧ರಿಂದ ೧೯೨೧ರವರೆಗಿನ ದಶಕದಲ್ಲಿ ಮಾತ್ರ. ಈ ಜ್ವರದ ಇನ್ನೊಂದು ಕ್ರೌರ್ಯವೆಂದರೆ, ಅದು ಮುದುಕರನ್ನು ಮಾತ್ರ ಆರಿಸಿಕೊಳ್ಳದೆ ಪ್ರಾಯದವರನ್ನೇ ಹೆಚ್ಚಾಗಿ ಕೊಂಡೊಯ್ದಿತು.

ಆಗಿನ ವಿಜಾಪುರ ಜಿಲ್ಲೆಗೆ ಸೇರಿದ ಬಾದಾಮಿ ತಾಲೂಕಿನ ಒಂದು ಹಳ್ಳಿಯನ್ನು, ಅಲ್ಲಿಯ ಒಬ್ಬ ಒಕ್ಕಲಮಗನ ಮನೆಯನ್ನು, ಓದುಗರು ಭಾವಿಸಿಕೊಳ್ಳಬೇಕು. ಅವನ ಹಿರಿಯ ಮಗನು ಧಾರವಾಡದಲ್ಲಿ ಒಂದು ಉಚಿತ ಪ್ರಸಾದನಿಲಯದಲ್ಲಿದ್ದು ಹೈಸ್ಕೂಲಿನಲ್ಲಿ ಓದುತ್ತಿದ್ದನು. ಹಳ್ಳಿಹಳ್ಳಿಯ ಭಕ್ತರು ಸುಗ್ಗಿಯಲ್ಲಿ ಕೊಡುವ ಜೋಳದಿಂದ ನಡೆಯುತ್ತಿದ್ದ ನಿಲಯವದು. ಒಂದು ಹರಿದಾರಿ ಆಚೆಯ ಹಳ್ಳಿಯ ಇನ್ನೊಬ್ಬ ಹುಡುಗನೂ ಅಲ್ಲಿಯೇ ಇದ್ದನು. ಇಬ್ಬರನ್ನೂ ಇಬ್ಬರ ತಂದೆಗಳೂ ಒಂದೇ ಬಂಡಿಯಲ್ಲಿ ಕೂರಿಸಿಕೊಂಡು ಬಾದಾಮಿಯ ಸ್ಟೇಶನ್ನಿನವರೆಗೆ ಕಳುಹಿಸಿ ಬಂದಿದ್ದರು. ಪ್ರತಿ ತಿಂಗಳೂ ಅಮಾವಾಸ್ಯೆಯ ಹಿಂದುಮುಂದೆ ಮಗನ ಒಂದು ಕಾರ್ಡು ಬರುತ್ತಿದ್ದಿತು. ೧೯೧೧ರ ಜನಗಣತಿಯಂತೆ ದೇಶದಲ್ಲಿ ಓದು ಬರಹ ಬಲ್ಲವರು ನೂರಕ್ಕೆ ಸುಮಾರು ಆರೇ ಮಂದಿ. ಆ ಹಳ್ಳಿಯಲ್ಲಿ ಅಷ್ಟೂ ಇರಲಿಲ್ಲ. ಟಪಾಲು ತಂದವನೇ ಕಟ್ಟೆಯ ಮೇಲೆ ಕುಳಿತು ಓದಿ ಹೇಳಿ ಹೋಗುವುದು ವಾಡಿಕೆ.

ಭಾದ್ರಪದದಲ್ಲಿ ಬಂದುದೇ ಕೊನೆಯ ಕಾರ್ಡು. ಮಹಾನವಮಿ ಕಳೆಯಿತು, ಸೀಗೆಹುಣ್ಣಿಮೆ ಕಳೆಯಿತು. ಹುಬ್ಬಳ್ಳಿಯಿಂದ ಬಂದವರು ಜ್ವರದ ಸುದ್ದಿ ತಂದರು. ಕೆಲವು ದಿನಗಳಲ್ಲಿ ಸುದ್ದಿಯ ಹಿಂದೆಯೇ ಜ್ವರವೂ ಬಂದಿತು. ಹಳ್ಳಿಯ ಕೇರಿಗಳಲ್ಲಿ ದಿನಕ್ಕೊಂದು ಎರಡು ಸಾವು. ಮನೆಯ ಕಿರಿಯ ಮಗಳು ಮಲಗಿದಳು, ಟಪಾಲಿನವನೂ ಮಲಗಿದನು. ಧಾರವಾಡಕ್ಕೆ ಹೋಗಿ ನೋಡಿ ಬರೋಣವೆಂದರೆ ತಂದೆಯ ಕೈಯಲ್ಲಿ ಗಾಡಿಯ ಖರ್ಚಿಲ್ಲ, ಜ್ವರದ ಮಗುವನ್ನು ಬಿಟ್ಟು ಹೊರಡುವ ಹಾಗೂ ಇಲ್ಲ. ಮಳೆಯಿಲ್ಲದೆ ಎರೆಹೊಲವು ಬಾಯಿಬಿಟ್ಟಿತ್ತು. ಅವನು ಬೆಳಗ್ಗೆ ಹೊಲಕ್ಕೆ ಹೋಗಿ ಬಿತ್ತದ ನೆಲವನ್ನು ನೋಡಿ, ಸಂಜೆ ಅಗಸೆಯ ಕಟ್ಟೆಗೆ ಬಂದು ಬಾರದ ಟಪಾಲಿನ ದಾರಿಯನ್ನು ನೋಡುವನು. ತಾಯಿ ಮಾತ್ರ ಬಾಯಿಬಿಟ್ಟು ಏನನ್ನೂ ಕೇಳಲಿಲ್ಲ. ಲಿಂಗಪೂಜೆಯನ್ನು ತಪ್ಪಿಸಲಿಲ್ಲ; ಬೀಸುವುದನ್ನು, ಬಡಿಯುವುದನ್ನು ನಿಲ್ಲಿಸಲಿಲ್ಲ. ರಾತ್ರಿ ರೊಟ್ಟಿ ಬಡಿಯುವಾಗ ಒಂದು ಹೆಚ್ಚಾಗಿ ಬಡಿದು, ಆಮೇಲೆ ಯಾರಿಗಾಗಿ ಬಡಿದೆನೆಂದು ತಾನೇ ಬೆದರಿ, ಅದನ್ನು ಭಿಕ್ಷಕ್ಕೆ ಬಂದ ಜಂಗಮರಿಗೆ ನೀಡುವಳು.

ದೀಪಾವಳಿಗೆ ನಾಲ್ಕು ದಿನವಿರುವಾಗ ಟಪಾಲಿನವನು ಕೋಲೂರಿಕೊಂಡು ಬಂದನು. ಚೀಲದಿಂದ ಒಂದು ಕಾರ್ಡು ತೆಗೆದು, “ಅಪ್ಪಾ, ನಿನ್ನ ಮಗನ ಕೈಯೇ ಇದು” ಎಂದನು. ತಂದೆ ಎರಡು ಕೈಗಳಿಂದಲೂ ಅದನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡನು. ಸುತ್ತಲಿದ್ದವರು ನೆರೆದರು. ತಾಯಿ ಒಳಗಿನಿಂದ ಬಂದು ಬಾಗಿಲ ಚೌಕಟ್ಟನ್ನು ಹಿಡಿದು ನಿಂತಳು. ಮಗನಿಗೆ ಬರೆಯುವ ತ್ರಾಣವಿದೆಯೆಂದರೆ ಉಳಿದಿದ್ದಾನೆಂದಲ್ಲವೆ? ಓದುವುದಕ್ಕೆ ಮೊದಲೇ ಅವಳು ಗಡಿಗೆಯಲ್ಲಿದ್ದ ಬೆಲ್ಲವನ್ನು ತಟ್ಟೆಗೆ ತೆಗೆದಿಟ್ಟಿದ್ದಳು. ಕಾರ್ಡಿಗೆ ಹಚ್ಚಬೇಕೆಂದು ಕುಂಕುಮದ ಭರಣಿಯನ್ನೂ ತಂದಿದ್ದಳು.

ಟಪಾಲಿನವನು ಓದಿದನು. ಶರಣಾರ್ಥಿಗಳು, ಕ್ಷೇಮ. ಜ್ವರ ಬಂದಿತ್ತು, ಬಿಟ್ಟಿದೆ, ಎದ್ದು ಗಂಜಿ ಕುಡಿಯುತ್ತಿದ್ದೇನೆ, ಹೆದರಬಾರದು. ಇಷ್ಟು ಕೇಳುವಷ್ಟರಲ್ಲಿ ನೆರೆದವರೆಲ್ಲ ಶಿವನನ್ನು ನೆನೆದರು. ಕಾರ್ಡಿನ ಕೆಳಗಿನ ಭಾಗಕ್ಕೆ ಬಂದಾಗ ಓದುವವನ ದನಿ ಕುಗ್ಗಿತು. ಜೊತೆಯ ಹುಡುಗನು ಆರು ದಿನ ಜ್ವರದಲ್ಲಿದ್ದು ಲಿಂಗೈಕ್ಯನಾದನು. ಅವನ ಹತ್ತಿರ ಕುಳಿತು ಆರೈಕೆ ಮಾಡಿ, ಅವನು ಹೋದ ಮರುದಿನ ತಾನೂ ಮಲಗಿದೆನಾದುದರಿಂದ ಕಾಗದ ತಡವಾಯಿತು. ನಿಲಯದ ಹಿರಿಯರೂ ಜ್ವರದಲ್ಲಿದ್ದಾರೆ. ಅವನ ಮನೆಗೆ ನೀನೇ ಬರೆಯೆಂದು ತಿಳಿಸಿದ್ದಾರೆ. ಬರೆಯಲು ಕೈ ಬರಲಿಲ್ಲ. ಪರರ ಬಾಯಿಂದ ಅವರು ಕೇಳಬಾರದು. ತಂದೆಯವರು ತಾವೇ ಹೋಗಿ ಹೇಳಬೇಕು.

ಕಟ್ಟೆಯ ಮೇಲೆ ಯಾರೂ ಮಾತನಾಡಲಿಲ್ಲ. ಬೆಲ್ಲದ ತಟ್ಟೆಯು ಇದ್ದಲ್ಲಿಯೇ ಉಳಿಯಿತು.

ಸ್ವಲ್ಪ ಹೊತ್ತಿನ ಮೇಲೆ ತಂದೆಯು, “ಹಬ್ಬ ಮುಂದಿದೆ. ಇನ್ನು ನಾಲ್ಕು ದಿನ ಅವರು ನೆಮ್ಮದಿಯಿಂದ ಇರಲಿ. ಹಬ್ಬ ಮುಗಿದ ಮೇಲೆ ಹೋಗಿ ಹೇಳುವೆನು” ಎಂದನು. ಕೇಳಿದವರಿಗೆ ಇದು ಯೋಗ್ಯವಾಗಿಯೇ ತೋರಿತು. ದಯೆಯ ಮಾತೆಂದು ಒಬ್ಬಿಬ್ಬರು ತಲೆದೂಗಿದರು.

ತಾಯಿ ಒಪ್ಪಲಿಲ್ಲ. “ನೆಮ್ಮದಿ ಯಾರಿಗಿದೆ? ಒಂದು ತಿಂಗಳಿಂದ ನಾನು ಹೇಗೆ ಕೂತಿದ್ದೆನೋ ಆ ತಾಯಿ ಈ ಹೊತ್ತೂ ಹಾಗೆಯೇ ಕೂತಿದ್ದಾಳೆ. ನಾಲ್ಕು ದಿನ ಹೆಚ್ಚು ಕೂಡಿಸುವುದು ದಯೆಯಲ್ಲ. ಈ ಕಾರ್ಡಿನಲ್ಲಿ ಮೇಲಿನ ಅರ್ಧ ನಮ್ಮದು, ಕೆಳಗಿನ ಅರ್ಧ ಅವರದು. ಅವರ ಪಾಲನ್ನು ನಮ್ಮ ಮನೆಯಲ್ಲಿಟ್ಟುಕೊಂಡು ನಾವು ಹೋಳಿಗೆ ಉಣ್ಣುವುದು ಹೇಗೆ? ಏಳಿರಿ, ನಾನೂ ಬರುತ್ತೇನೆ” ಎಂದಳು. ಜ್ವರ ಇಳಿದ ಮಗಳನ್ನು ನೆರೆಮನೆಯ ಅಜ್ಜಿಗೆ ಒಪ್ಪಿಸಿ, ಬೆಲ್ಲವನ್ನು ಲಿಂಗದ ಮುಂದೆ ಇಟ್ಟು, ಕುಂಕುಮ ಹಚ್ಚದ ಕಾರ್ಡನ್ನು ಗಂಡನ ಕೈಗೆ ಕೊಟ್ಟಳು.

ಗಂಡಹೆಂಡಿರಿಬ್ಬರೂ ಒಂದು ಹರಿದಾರಿ ನಡೆದು ಸಂಜೆಯ ಹೊತ್ತಿಗೆ ಆ ಹಳ್ಳಿಯನ್ನು ಮುಟ್ಟಿದರು. ದೂರದಿಂದ ಇವರನ್ನು ಕಂಡ ಆ ಮನೆಯ ಯಜಮಾನನು ಎದುರುಗೊಂಡು ಬಂದು, ಕೈಯಲ್ಲಿದ್ದ ಕಾರ್ಡನ್ನು ಕಂಡು, “ನಿಮ್ಮ ಮಗನ ಕಾಗದ ಬಂತೇನು? ಹೇಗಿದ್ದಾನೆ? ಚೆನ್ನಾಗಿದ್ದಾನಲ್ಲವೆ?” ಎಂದು ಕೇಳಿದನು. ತನ್ನ ಮಗನ ಸುದ್ದಿಗಿಂತ ಮೊದಲು ಇವರ ಮಗನ ಕ್ಷೇಮವನ್ನು ಕೇಳಿದ ಆ ಮಾತು ಇವನ ಎದೆಯನ್ನು ಒಡೆಯಿತು. ಆ ಮನೆಯಲ್ಲಿಯೂ ಓದಬಲ್ಲವರು ಯಾರೂ ಇರಲಿಲ್ಲ. ಕಾರ್ಡನ್ನು ಕೊಟ್ಟು ಸುಮ್ಮನಿರುವ ದಾರಿಯೂ ಇರಲಿಲ್ಲ. ತನ್ನ ಬಾಯಿಂದಲೇ ಹೇಳಬೇಕಾಯಿತು, ಹೇಳಿದನು. ಮಗನು ಆರು ದಿನ ಒಬ್ಬನೇ ಇರಲಿಲ್ಲವೆಂಬುದನ್ನೂ, ಬಾಯಿಗೆ ನೀರು ಬಿಡುವ ಕೈಯೊಂದು ಹತ್ತಿರ ಇದ್ದಿತೆಂಬುದನ್ನೂ ಹೇಳಿದನು. ತಾಯಿಯು ತಾಯಿಯನ್ನು ಹಿಡಿದುಕೊಂಡಳು. ಆ ರಾತ್ರಿ ಇವರು ಮರಳಲಿಲ್ಲ. ಹಬ್ಬದ ದಿನವೂ ಆ ಮನೆಯಲ್ಲಿಯೇ ಕಳೆಯಿತು.

ಮುಂದೆ ರಜೆಗೆ ಊರಿಗೆ ಬಂದ ಮಗನು ಸ್ಟೇಶನ್ನಿನಿಂದ ನೇರವಾಗಿ ಆ ಮನೆಗೆ ಹೋಗಿ ಶರಣು ಮಾಡಿ, ಆಮೇಲೆ ತನ್ನ ಮನೆಗೆ ಬಂದನು. ಲಿಂಗದ ಮುಂದಿಟ್ಟಿದ್ದ ಬೆಲ್ಲವನ್ನು ತಾಯಿಯು ಅಂದು ಕೇರಿಯ ಮಕ್ಕಳಿಗೆ ಹಂಚಿದಳು.

೪

ಈ ದೃಷ್ಟಾಂತದಲ್ಲಿ ವಿಚಾರಿಸಬೇಕಾದ ಅಂಶಗಳು ಮೂರು.

ಮೊದಲನೆಯದು, ಪದಾರ್ಥವೂ ಪ್ರಸಾದವೂ ಬೇರೆ ಎಂಬುದು. ಶರಣರ ಪರಿಭಾಷೆಯಲ್ಲಿ ಇಂದ್ರಿಯಗಳಿಗೆ ಒದಗುವುದೆಲ್ಲ ಪದಾರ್ಥ. ಅದನ್ನು ಲಿಂಗಕ್ಕೆ ಅರ್ಪಿಸಿ ಪಡೆದಾಗ ಪ್ರಸಾದ. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಷಟ್‌ಸ್ಥಲಗಳಲ್ಲಿ ಭಕ್ತ, ಮಹೇಶರ ಅನಂತರ ಬರುವ ಮೂರನೆಯ ಸ್ಥಲವು ಪ್ರಸಾದಿಯದು. ಅರ್ಪಿಸುವುದೆಂದರೆ ನಾಲಗೆಗೆ ಬರುವ ಅನ್ನವನ್ನು ಮಾತ್ರವಲ್ಲ; ಕಣ್ಣಿಗೆ ಬಂದ ರೂಪವನ್ನು, ಕಿವಿಗೆ ಬಂದ ಶಬ್ದವನ್ನು ಸಹ. ಹಾಗಾದರೆ ಕಿವಿಗೆ ಬಂದ ಸುದ್ದಿಯೂ ಪದಾರ್ಥವೇ. ಟಪಾಲಿನವನು ಓದಿದಾಗ ತಂದೆಯ ಕಿವಿಗೆ ಬಂದುದು ಪದಾರ್ಥ. ಅದನ್ನು ‘ನನ್ನ ಮಗ ಉಳಿದ’ ಎಂದು ಅಲ್ಲಿಯೇ ನುಂಗಿದ್ದರೆ ಅದು ಭೋಗವಾಗುತ್ತಿದ್ದಿತು. ಉಳಿದುದು ಶಿವನ ಕೊಡುಗೆ, ಇದರಲ್ಲಿ ಇನ್ನೊಬ್ಬರ ಪಾಲಿದೆ ಎಂದು ತಿಳಿದು ಅದನ್ನು ಮುಟ್ಟಿಸಿ ಬಂದಮೇಲೆ ಅವರಿಗೆ ಉಳಿದ ಸಂತೋಷವು ಪ್ರಸಾದವಾಯಿತು. ಪ್ರಸಾದವೆಂಬ ಶಬ್ದಕ್ಕೆ ಪ್ರಸನ್ನತೆ, ತಿಳಿಯಾಗುವಿಕೆ ಎಂಬ ಅರ್ಥವೂ ಉಂಟು. ಬೆಲ್ಲವನ್ನು ಅಂದೇ ಹಂಚದೆ ಲಿಂಗದ ಮುಂದಿಟ್ಟ ಆ ತಾಯಿ ಸಂತೋಷವನ್ನು ನಿರಾಕರಿಸಲಿಲ್ಲ. ಅದು ತಿಳಿಯಾಗುವವರೆಗೆ ಕಾದಳು. ಮಮತೆಯ ಶುದ್ಧಿಯೆಂದರೆ ಇದೇ. ಮಗನ ಮೇಲಣ ಪ್ರೀತಿ ಒಂದು ಕೂದಲಿನಷ್ಟೂ ಕಡಿಮೆಯಾಗಲಿಲ್ಲ. ಅದು ಇನ್ನೊಬ್ಬರ ಮಗನನ್ನು ಒಳಗೊಳ್ಳುವಷ್ಟು ಹಿಗ್ಗಿತು.

ಎರಡನೆಯದು, ದಯೆಯ ವೇಷದಲ್ಲಿ ಬರುವ ಸ್ವಾರ್ಥವನ್ನು ಗುರುತಿಸುವುದು. ತಂದೆಯು ಕೆಟ್ಟವನಲ್ಲ. ಆದರೆ ಬದುಕಿದ ಮಗನ ತಂದೆಯಾಗಿ ಸತ್ತ ಮಗನ ತಂದೆಯ ಮುಂದೆ ನಿಲ್ಲುವ ಸಂಕಟವನ್ನು ತಪ್ಪಿಸಿಕೊಳ್ಳಬೇಕೆಂದು ಅವನ ಮನಸ್ಸು ಬಯಸಿತು. ಬಹುದಿನದ ಮೇಲೆ ಬಂದ ಸಂತೋಷವನ್ನು ನಾಲ್ಕು ದಿನವಾದರೂ ಅನುಭವಿಸಬೇಕೆಂದೂ ಬಯಸಿತು. ಈ ಎರಡು ಬಯಕೆಗಳಿಗೂ ‘ಅವರು ನೆಮ್ಮದಿಯಿಂದಿರಲಿ’ ಎಂಬ ಸುಂದರವಾದ ಹೆಸರು ದೊರೆಯಿತು. ಮನುಷ್ಯನು ಮಾಡುವ ಬಹಳ ತಪ್ಪುಗಳು ಹೀಗೆಯೇ ಒಳ್ಳೆಯ ಹೆಸರಿನ ಮರೆಯಲ್ಲಿ ನಡೆಯುತ್ತವೆ.

ಇಲ್ಲಿ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಚರಿತ್ರೆಯನ್ನು ನೆನೆಯಬೇಕು. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದು, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಅವನ ಮನಸ್ಸಿನಲ್ಲಿದ್ದುದೂ ದಾಸೋಹವೇ ಹೊರತು ಸಂಗ್ರಹವಲ್ಲ. ಆದರೂ ಲಕ್ಕಮ್ಮನು ಅದನ್ನು ಒಪ್ಪದೆ, ಅಳತೆ ಮೀರಿ ಬಂದುದು ತಮ್ಮದಲ್ಲವೆಂದು ಹೇಳಿ, ಎಲ್ಲಿಂದ ತಂದನೋ ಅಲ್ಲಿಯೇ ಸುರಿದು ಬರುವಂತೆ ಮಾಡಿದಳು. ಆಸೆಯು ಭಕ್ತಿಯ ವೇಷದಲ್ಲಿ ಬಂದಾಗ ಗುರುತಿಸಿದವಳು ಲಕ್ಕಮ್ಮ. ಭಯವು ದಯೆಯ ವೇಷದಲ್ಲಿ ಬಂದಾಗ ಗುರುತಿಸಿದವಳು ದೃಷ್ಟಾಂತದ ಈ ತಾಯಿ. ಇಬ್ಬರಿಗೂ ಒಂದೇ ನ್ಯಾಯ: ನಮ್ಮದಲ್ಲದುದು ನಮ್ಮ ಮನೆಯಲ್ಲಿ ಒಂದು ರಾತ್ರಿಯೂ ಇರಬಾರದು. ಅಕ್ಕಿಯ ವಿಷಯದಲ್ಲಿ ಈ ನ್ಯಾಯವನ್ನು ಒಪ್ಪುವವರು ಸುದ್ದಿಯ ವಿಷಯದಲ್ಲಿಯೂ ಒಪ್ಪಬೇಕು. ಇನ್ನೊಬ್ಬರಿಗೆ ಸೇರಬೇಕಾದ ಸತ್ಯವನ್ನು ಬಚ್ಚಿಟ್ಟುಕೊಳ್ಳುವುದು ಇನ್ನೊಬ್ಬರ ಧನವನ್ನು ಬಚ್ಚಿಟ್ಟುಕೊಂಡಂತೆಯೇ. ಹೆಂಡತಿಯು ಗಂಡನನ್ನು ತಿದ್ದಿದಳೆಂಬುದನ್ನೂ, ಗಂಡನು ಅದಕ್ಕೆ ಮುನಿಯದೆ ಎದ್ದು ನಡೆದನೆಂಬುದನ್ನೂ ಗಮನಿಸಬೇಕು. ತಿದ್ದುವವರ ಮಾತನ್ನು ಕೇಳುವುದು ತಿದ್ದುವುದಕ್ಕಿಂತ ಕಡಿಮೆಯ ಸಾಧನೆಯಲ್ಲ.

ಮೂರನೆಯದು, ದೂರವೂ ಸಮೀಪವೂ ಎಂತಹವು ಎಂಬ ವಿಚಾರ. ಕಲ್ಯಾಣದಲ್ಲಿ ಕ್ರಾಂತಿಯಾದಾಗ ಬಸವಣ್ಣನವರು ಕೃಷ್ಣಾ ಮಲಪ್ರಭೆಗಳು ಕೂಡುವ ಸಂಗಮಕ್ಕೆ ತೆರಳಿದರು. ಅಲ್ಲಿಂದ ನೀಲಮ್ಮನವರನ್ನು ಕರೆತರಲು ಹಡಪದ ಅಪ್ಪಣ್ಣನನ್ನು ಕಳುಹಿಸಿದರೆಂದು ಸಂಪ್ರದಾಯವು ಹೇಳುತ್ತದೆ. ಸಂಗಮದಲ್ಲಿರುವ ದೇವನು ತಾನಿರುವಲ್ಲಿಯೂ ಇರುವನೆಂಬ ಅರಿವು ನೀಲಮ್ಮನವರಿಗೆ ಉಂಟಾಗಿತ್ತು. ಅವರು ಹೊರಟು ಬರುತ್ತ ಕೃಷ್ಣೆಯ ದಡದ ತಂಗಡಗಿಯಲ್ಲಿಯೇ ಲಿಂಗೈಕ್ಯರಾದರು. ಒಳಗೆ ಕೂಡಿದವರಿಗೆ ಹೊರಗಿನ ದೂರವು ದೂರವಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆದರೆ ಈ ಅರಿವು ಬಂದಿದೆಯೆಂದು ಬಾಯಿಮಾತಿನಲ್ಲಿ ಹೇಳಿ, ಕಾಯುವವರಿಗೆ ಸುದ್ದಿ ಕಳುಹಿಸದೆ ಇರುವುದು ಸಲ್ಲದು. ಬಸವಣ್ಣನವರೇ ಅಪ್ಪಣ್ಣನನ್ನು ಕಳುಹಿಸಿದರಲ್ಲವೆ? ತತ್ತ್ವವು ದೂರವನ್ನು ಇಲ್ಲವೆನ್ನುತ್ತದೆ. ಪ್ರೀತಿಯು ಒಬ್ಬ ದೂತನನ್ನು ಕಳುಹಿಸುತ್ತದೆ. ಇವೆರಡಕ್ಕೂ ವಿರೋಧವಿಲ್ಲ.

ದೂತನ ಕಾಯಕವು ಎಷ್ಟು ಹಿರಿದೆಂಬುದೂ ಇದರಿಂದ ಸ್ಪಷ್ಟವಾಗುತ್ತದೆ. ಒಡೆಯನ ಮಾತನ್ನು ಒಂದಕ್ಷರ ಕೂಡಿಸದೆ, ಒಂದಕ್ಷರ ಕಳೆಯದೆ ಮುಟ್ಟಿಸುವವನು ಅಪ್ಪಣ್ಣನ ದಾರಿಯವನು. ಜ್ವರದಿಂದೆದ್ದು ಕೋಲೂರಿಕೊಂಡು ಬಂದ ಟಪಾಲಿನವನದು ಅಂಥ ಕಾಯಕ. ಆರು ದಿನ ಗೆಳೆಯನ ಹಾಸಿಗೆಯ ಬಳಿ ಕುಳಿತ ಮಗನದು ಕಾಯಕ. ಬರೆಯಲಾರದ ಮಾತನ್ನು ಹೊತ್ತು ಒಂದು ಹರಿದಾರಿ ನಡೆದ ತಂದೆಯದೂ ಕಾಯಕ. ಬಿತ್ತುವುದು, ನೇಯುವುದು ಮಾತ್ರ ಕಾಯಕವೆಂದು ತಿಳಿದವನು ಆ ಶಬ್ದದ ಅರ್ಧವನ್ನೇ ತಿಳಿದಂತೆ.

೫

ಕಾಲಾಣೆಯ ಕಾರ್ಡಿನ ಆ ಕಾಲವು ಕಳೆದುಹೋಯಿತು. ೧೯೭೨ರಲ್ಲಿ ಅಂಚೆಗೆ ಪಿನ್‌ಕೋಡು ಬಂದಿತು. ಎದೆ ನಡುಗಿಸುತ್ತಿದ್ದ ತಂತಿಯ ವ್ಯವಸ್ಥೆ ೨೦೧೩ರ ಜುಲೈ ತಿಂಗಳಲ್ಲಿ ನಿಂತುಹೋಯಿತು. ಈಗ ಅಮೆರಿಕೆಯಲ್ಲಿರುವ ಮಗನ ಮುಖವನ್ನು ಬಾಗಲಕೋಟೆಯ ತಾಯಿಯು ಅಂಗೈಯ ಮೇಲೆ ಕಾಣಬಲ್ಲಳು. ಹೀಗಿದ್ದರೂ ಕಾಯುವುದು ನಿಂತಿದೆಯೇ? ಸಾಧನವು ವೇಗವಾದಂತೆ ಕಾಯುವಿಕೆಯ ತಾಳ್ಮೆ ಕುಗ್ಗಿತೇ ಹೊರತು ಕಾಯುವಿಕೆಯು ಕುಗ್ಗಲಿಲ್ಲ. ಹಿಂದೆ ಕಾಗದ ಬಾರದಿದ್ದರೆ ಮಳೆಯೋ ಹೊಳೆಯೋ ಟಪಾಲಿನವನ ಜ್ವರವೋ ಕಾರಣವೆಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳಬಹುದಾಗಿತ್ತು. ಈಗ ಕರೆ ಬಾರದಿದ್ದರೆ ಮಗನಿಗೆ ಮನಸ್ಸಿಲ್ಲವೆಂಬುದು ಬಿಟ್ಟರೆ ಬೇರೆ ಕಾರಣ ಹೊಳೆಯದು. ಆದುದರಿಂದ ಇಂದಿನ ಮೌನವು ಅಂದಿನ ಮೌನಕ್ಕಿಂತ ಹೆಚ್ಚು ನೋಯಿಸುತ್ತದೆ. ೨೦೨೦ರಲ್ಲಿ ಕೋವಿಡ್ ಬೇನೆಯು ಬಂದು ಊರೂರುಗಳ ದಾರಿ ಮುಚ್ಚಿದಾಗ, ಕೈಯಲ್ಲಿ ಫೋನಿದ್ದೂ ೧೯೧೮ರ ತಾಯಿತಂದೆಗಳಂತೆಯೇ ತಳಮಳಿಸಿದ ಮನೆಗಳು ಎಷ್ಟೋ. ಆಸ್ಪತ್ರೆಯ ಒಳಗಿನಿಂದ ಬಂದ ಒಂದು ಸಾಲಿನ ಸುದ್ದಿಯನ್ನು ಮತ್ತೆ ಮತ್ತೆ ಓದಿ ಕಣ್ಣಿಗೊತ್ತಿಕೊಂಡವರೂ ಎಷ್ಟೋ.

ಆದುದರಿಂದ ದೂರದಲ್ಲಿರುವ ಮಕ್ಕಳು ಮನಗಾಣಬೇಕಾದುದು ಇಷ್ಟು. ತಾಯಿತಂದೆಗಳಿಗೆ ಕ್ಷೇಮವಾರ್ತೆಯನ್ನು ಕಳುಹಿಸುವುದು ಬಿಡುವಾದಾಗ ಮಾಡುವ ಉಪಕಾರವಲ್ಲ; ಅದು ತಪ್ಪಿಸಬಾರದ ನಿತ್ಯಕಾಯಕ. ಕಳುಹಿಸುವ ಹಣವು ಅದರ ಸ್ಥಾನವನ್ನು ತುಂಬಲಾರದು. ‘ಹೇಳುವಂಥದು ಏನೂ ಇಲ್ಲ’ ಎಂಬುದೂ ಅವರಿಗೆ ದೊಡ್ಡ ಸುದ್ದಿಯೇ. ನೋವಿನ ಸುದ್ದಿಯಿದ್ದರೆ ಅದನ್ನು ಬಚ್ಚಿಡದೆ, ಹೇಳಬಲ್ಲವರ ಬಾಯಿಂದ, ಹತ್ತಿರವಿದ್ದು ಕೈಹಿಡಿಯಬಲ್ಲವರ ಮೂಲಕ ಮುಟ್ಟಿಸಬೇಕು. ದೃಷ್ಟಾಂತದ ಆ ಹುಡುಗನು ಚಿಕ್ಕವನಾದರೂ ಈ ವಿವೇಕವನ್ನು ತೋರಿದನು.

ಕಾಯುವ ಹಿರಿಯರು ಮನಗಾಣಬೇಕಾದುದೂ ಉಂಟು. ಕಾಯುವಾಗ ಪೂಜೆಯನ್ನೂ ಕಾಯಕವನ್ನೂ ಬಿಡಬಾರದು. ಹೆಚ್ಚಾದ ಒಂದು ರೊಟ್ಟಿಯನ್ನು ಬಂದವರಿಗೆ ನೀಡಿದ ಆ ತಾಯಿಯಂತೆ, ಮಗನಿಗಾಗಿ ಮಿಡಿಯುವ ಮನಸ್ಸನ್ನು ಎದುರಿಗಿದ್ದ ಹಸಿದವರ ಕಡೆಗೆ ತಿರುಗಿಸಬೇಕು. ಸುದ್ದಿ ಬಂದಾಗ ಸಂತೋಷಪಡಬೇಕು, ಸಂತೋಷಕ್ಕೆ ನಾಚಬೇಕಾದುದಿಲ್ಲ. ಆದರೆ ಸಂತೋಷದ ತಟ್ಟೆಯನ್ನು ಕೈಗೆತ್ತಿಕೊಳ್ಳುವ ಮೊದಲು ಒಂದು ಕ್ಷಣ ನಿಂತು, ‘ನಮ್ಮಂತೆಯೇ ಕಾದು ಕುಳಿತವರು ನೆರೆಯಲ್ಲಿ ಯಾರಿದ್ದಾರೆ? ಅವರಿಗೆ ಬರಬೇಕಾದುದು ಬಂದಿದೆಯೇ?’ ಎಂದು ಕೇಳಿಕೊಳ್ಳಬೇಕು. ಹಾಗೆ ಕೇಳಿಕೊಂಡು ಎದ್ದು ನಡೆದವನಿಗೆ ಕೈಸೇರಿದ ಓಲೆಯು ಪ್ರಸಾದವಾಗುವುದು. ಕೇಳಿಕೊಳ್ಳದೆ ಉಂಡವನಿಗೆ ಅದು ಕಾಗದವಾಗಿಯೇ ಉಳಿಯುವುದು.

ಶರಣು ಶರಣಾರ್ಥಿ.